ಮಾಯ್ದ ಗಾಯ ತಿಂಗಳ ಮೇಲೆ ಸೋರಿದರೆ: ಹೊಟ್ಟೆಯ ಆಪರೇಷನ್ ನಂತರ ಕಾಡುವ ಮೈಕೋಬ್ಯಾಕ್ಟೀರಿಯಾ ಸೋಂಕು

ಪಿತ್ತಕೋಶದ ಕಲ್ಲಿಗೋ ಹರ್ನಿಯಾಕ್ಕೋ ಲ್ಯಾಪ್ರೋಸ್ಕೋಪಿ (ಸಣ್ಣ ರಂಧ್ರಗಳ ಮೂಲಕ ಮಾಡುವ ಆಪರೇಷನ್) ಆಗಿರುತ್ತದೆ. ಹೊಲಿಗೆ ಬಿಚ್ಚಿ, ಗಾಯ ಒಣಗಿ, ರೋಗಿ ಕೆಲಸಕ್ಕೂ ಹೋಗತೊಡಗಿರುತ್ತಾರೆ. ಮೂರ್ನಾಲ್ಕು ವಾರ ಕಳೆದ ಮೇಲೆ ಹೊಕ್ಕುಳ ಪಕ್ಕದ ಕಲೆಯ ಕೆಳಗೆ ಸಣ್ಣ ಗಂಟೊಂದು ಕೈಗೆ ಸಿಗುತ್ತದೆ. ಮುಟ್ಟಿದರೆ ನೋವು. ಕೆಲವೇ ದಿನಗಳಲ್ಲಿ ಅದು ಒಡೆದು ತೆಳ್ಳಗಿನ ಕೀವು ಬರುತ್ತದೆ. ಜ್ವರ ಇಲ್ಲ, ಹಸಿವು ಕೆಟ್ಟಿಲ್ಲ. ಆಂಟಿಬಯಾಟಿಕ್ ಕೋರ್ಸ್ ಮುಗಿದರೂ ಸೋರುವುದು ನಿಲ್ಲುವುದಿಲ್ಲ. ಕೀವಿನ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ವರದಿಯಲ್ಲಿ 'ಏನೂ ಬೆಳೆದಿಲ್ಲ' ಎಂದಿರುತ್ತದೆ. ಇನ್ನೊಂದು ಆಂಟಿಬಯಾಟಿಕ್, ಮತ್ತೆ ಅದೇ ಕಥೆ.

ಇಷ್ಟೂ ಒಟ್ಟಿಗೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಕ್ಷಯೇತರ ಮೈಕೋಬ್ಯಾಕ್ಟೀರಿಯಾವನ್ನು. ವೈದ್ಯರು ಚಿಕ್ಕದಾಗಿ ಎನ್‌ಟಿಎಂ ಎನ್ನುತ್ತಾರೆ. ಸೋಂಕು ಅಪರೂಪದ್ದು, ಚರ್ಮದ ಮಟ್ಟದಲ್ಲೇ ಉಳಿದರೆ ಪ್ರಾಣಕ್ಕೆ ಕುತ್ತು ತರುವುದೂ ಕಡಿಮೆ. ಆದರೆ ಗುರುತು ಸಿಗುವುದು ತಡವಾದಷ್ಟೂ ಅದು ಚರ್ಮದಡಿ ಕವಲೊಡೆಯುತ್ತದೆ, ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತದೆ. ಈ ತಡ ಬಹುಪಾಲು ತಪ್ಪಿಸಬಹುದಾದದ್ದು.

## ಇದು ಎಂಥ ಜೀವಿ?

ಮೈಕೋಬ್ಯಾಕ್ಟೀರಿಯಾ ದೊಡ್ಡ ಕುಟುಂಬ. ಕ್ಷಯ ತರುವ ಬ್ಯಾಕ್ಟೀರಿಯಾ ಮತ್ತು ಕುಷ್ಠ ತರುವ ಬ್ಯಾಕ್ಟೀರಿಯಾ ಇದರ ಕುಖ್ಯಾತ ಸದಸ್ಯರು. ಅವೆರಡರ ಗುಂಪನ್ನು ಬಿಟ್ಟರೆ ಉಳಿಯುವ ನೂರಕ್ಕೂ ಹೆಚ್ಚು ಪ್ರಭೇದಗಳೇ ಎನ್‌ಟಿಎಂ. ಇವು ಮನುಷ್ಯರನ್ನು ನೆಚ್ಚಿಕೊಂಡು ಬದುಕುವಂಥವಲ್ಲ. ಮಣ್ಣು, ಧೂಳು, ಕೆರೆ, ಕೊಳಾಯಿ, ನೀರಿನ ಟ್ಯಾಂಕು ಇವುಗಳ ಮನೆ. ನಾವು ದಿನವೂ ಇವುಗಳನ್ನು ಮುಟ್ಟುತ್ತೇವೆ, ಕುಡಿಯುತ್ತೇವೆ, ಏನೂ ಆಗುವುದಿಲ್ಲ. ಚರ್ಮವನ್ನು ದಾಟಿ ಕೊಬ್ಬಿನ ಪದರಕ್ಕೆ ಯಾರಾದರೂ ತಲುಪಿಸಿದಾಗ ಮಾತ್ರ ತೊಂದರೆ.

ಆಪರೇಷನ್ ಗಾಯಗಳಲ್ಲಿ ಹೆಚ್ಚಾಗಿ ಸಿಗುವವು ಮೂರು: ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಮ್, ಕೆಲೋನೆ ಮತ್ತು ಆಬ್ಸೆಸಸ್. (ಕೆಲೋನೆಯನ್ನು ಮೊದಲು ಕಂಡದ್ದು 1903ರಲ್ಲಿ, ಆಮೆಯ ಶ್ವಾಸಕೋಶದಲ್ಲಿ.) ಈ ಮೂರನ್ನೂ 'ವೇಗವಾಗಿ ಬೆಳೆಯುವ' ಗುಂಪಿಗೆ ಸೇರಿಸುತ್ತಾರೆ. ಆದರೆ ಈ ವೇಗ ಕುಟುಂಬದೊಳಗಿನ ಲೆಕ್ಕ. ಕ್ಷಯದ ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವಷ್ಟು ಬೆಳೆಯಲು ಹಲವು ವಾರ ಬೇಕು, ಇವಕ್ಕೆ ಏಳು ದಿನದೊಳಗೆ ಸಾಕು. ಗಾಯಗಳಲ್ಲಿ ಸಾಮಾನ್ಯವಾಗಿ ಸಿಗುವ ಸ್ಟ್ಯಾಫಿಲೋಕಾಕಸ್ ಒಂದೇ ರಾತ್ರಿಯಲ್ಲಿ ಬೆಳೆದುಬಿಡುತ್ತದೆ. ಲ್ಯಾಬಿನಲ್ಲಿ ಆಗುವ ಎಡವಟ್ಟಿಗೆ ಈ ಅಂತರವೇ ಮೂಲ.

ಇವುಗಳ ಹಟಮಾರಿತನದ ಗುಟ್ಟು ಹೊರಗೋಡೆಯಲ್ಲಿದೆ. ಮೈಕಾಲಿಕ್ ಆಮ್ಲ ಎಂಬ ಉದ್ದನೆಯ ಕೊಬ್ಬಿನ ಅಣುಗಳಿಂದ ಕಟ್ಟಿದ, ಮೇಣದಂಥ ಗೋಡೆ ಅದು. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದ ಹಾಗೆ ನೀರಿನಲ್ಲಿ ಕರಗಿದ ಔಷಧಿ, ಸೋಂಕುನಿವಾರಕ, ಬಣ್ಣ ಯಾವುದೂ ಅದರೊಳಗೆ ಸುಲಭವಾಗಿ ಇಳಿಯುವುದಿಲ್ಲ. ಕುಡಿಯುವ ನೀರಿಗೆ ಬೆರೆಸುವ ಕ್ಲೋರಿನ್ ಮಲದ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆ ಪ್ರಮಾಣಕ್ಕೆ ಇವು ಜಗ್ಗುವುದಿಲ್ಲ. ಜೊತೆಗೆ ಪೈಪು, ಟ್ರೇ, ಟ್ಯೂಬುಗಳ ಒಳಮೈಗೆ ಅಂಟಿಕೊಂಡು ಲೋಳೆಯ ಪದರ ಕಟ್ಟುತ್ತವೆ. ಬಯೋಫಿಲ್ಮ್ ಎಂದು ಕರೆಯುವ ಈ ಪದರದೊಳಗೆ ಸೇರಿಕೊಂಡರೆ ಔಷಧಿಗೆ ಇನ್ನಷ್ಟು ದುರ್ಲಭ.

## ಗಾಯದೊಳಕ್ಕೆ ಹೊಕ್ಕುವುದು ಹೇಗೆ?

ರೋಗಿಯ ಕೊಳಕಿನಿಂದಲೂ ಅಲ್ಲ, ಊಟದ ಪಥ್ಯ ತಪ್ಪಿದ್ದಕ್ಕೂ ಅಲ್ಲ. ಬಹುತೇಕ ಸಂದರ್ಭಗಳಲ್ಲಿ ದಾರಿ ಒಂದೇ: ನೀರು ಅಥವಾ ಸರಿಯಾಗಿ ಕ್ರಿಮಿಮುಕ್ತವಾಗದ ಉಪಕರಣ.

ಲ್ಯಾಪ್ರೋಸ್ಕೋಪಿಯ ಉಪಕರಣಗಳನ್ನು ಹತ್ತಿರದಿಂದ ನೋಡಿದರೆ ಕಾರಣ ತಾನಾಗಿ ಹೊಳೆಯುತ್ತದೆ. ಹೊಟ್ಟೆಗೆ ಇಳಿಸುವ ಟ್ರೋಕಾರ್ ಒಳಗೆ ಟೊಳ್ಳು, ಅದರಲ್ಲಿ ಕವಾಟ ಮತ್ತು ರಬ್ಬರ್ ಸೀಲು ಇರುತ್ತವೆ. ಹಿಡಿಯುವ, ಕತ್ತರಿಸುವ ಸಾಧನಗಳು 5 ಮಿ.ಮೀ. ದಪ್ಪದ ಉದ್ದ ಕೊಳವೆಗಳು. ಒಳಗೆ ಸರಳು, ತುದಿಯಲ್ಲಿ ಕೀಲು, ಹೊರಗೆ ವಿದ್ಯುತ್ ನಿರೋಧಕ ಹೊದಿಕೆ. ರಕ್ತ, ಕೊಬ್ಬು, ಪಿತ್ತರಸ ಈ ಸಂದಿಗಳಲ್ಲಿ ಸಿಕ್ಕಿ ಒಣಗುತ್ತದೆ. ಬಿಡಿಬಿಡಿಯಾಗಿ ಕಳಚದೆ ತೊಳೆದರೆ ಆ ಕಸದಡಿಯ ಬ್ಯಾಕ್ಟೀರಿಯಾಕ್ಕೆ ಯಾವ ದ್ರಾವಣವೂ ತಾಗುವುದಿಲ್ಲ.

ನಂತರದ ಹೆಜ್ಜೆಯಲ್ಲಿ ಇನ್ನೊಂದು ತಪ್ಪು. ಒಂದು ಆಪರೇಷನ್ನಿಗೂ ಇನ್ನೊಂದಕ್ಕೂ ನಡುವೆ ಸಮಯ ಕಡಿಮೆ ಇರುವಲ್ಲಿ ಉಪಕರಣಗಳನ್ನು ಶೇ 2ರ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ 20 ನಿಮಿಷ ಮುಳುಗಿಸಿ ತೆಗೆಯುವ ರೂಢಿ ಇದೆ. ಇದರಿಂದ ಸಿಗುವುದು ಮೇಲ್ಮಟ್ಟದ ಸೋಂಕುನಿವಾರಣೆ, ಸಂಪೂರ್ಣ ಕ್ರಿಮಿಮುಕ್ತಿ ಅಲ್ಲ. ಅದೇ ದ್ರಾವಣದಿಂದ ಸಂಪೂರ್ಣ ಕ್ರಿಮಿಮುಕ್ತಿ ಬೇಕೆಂದರೆ ಸುಮಾರು 10 ಗಂಟೆ ಮುಳುಗಿರಬೇಕು. ಸಕ್ರಿಯಗೊಳಿಸಿದ ದ್ರಾವಣದ ಆಯಸ್ಸು ಸಾಮಾನ್ಯವಾಗಿ 14 ದಿನ. ಒದ್ದೆ ಉಪಕರಣಗಳನ್ನು ಮತ್ತೆ ಮತ್ತೆ ಹಾಕುವುದರಿಂದ ಅದು ತೆಳುವಾಗುತ್ತಾ ಹೋಗಿ, 14 ದಿನಕ್ಕೆ ಮುಂಚೆಯೇ ಸತ್ವ ಕಳೆದುಕೊಂಡಿರಬಹುದು. ಸಾಂದ್ರತೆ ನೋಡುವ ಪಟ್ಟಿಯನ್ನು ಅದ್ದಿ ದಿನವೂ ಪರೀಕ್ಷಿಸದಿದ್ದರೆ ಇದು ಯಾರ ಗಮನಕ್ಕೂ ಬರುವುದಿಲ್ಲ.

ಅದಾದ ಮೇಲೆ ತೊಳೆಯುವ ನೀರು. ಗ್ಲುಟರಾಲ್ಡಿಹೈಡ್ ಅಂಗಾಂಶಕ್ಕೆ ವಿಷ, ಹಾಗಾಗಿ ಉಪಕರಣವನ್ನು ಜಾಲಾಡಲೇಬೇಕು. ಸ್ಟೆರೈಲ್ ನೀರಿನ ಬದಲು ಕೊಳಾಯಿ ನೀರು ಬಳಸಿದರೆ, ಅಥವಾ ಒಂದೇ ಟ್ರೇ ನೀರಿನಲ್ಲಿ ದಿನವಿಡೀ ಅದ್ದಿ ತೆಗೆದರೆ, ಅಷ್ಟು ಹೊತ್ತು ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆ ನೀರಿನಲ್ಲಿರುವ ಎನ್‌ಟಿಎಂ ನೇರವಾಗಿ ಮುಂದಿನ ರೋಗಿಯ ಹೊಟ್ಟೆಯ ಗೋಡೆಗೆ ಹೋಗುತ್ತದೆ.

ದ್ರಾವಣಕ್ಕೇ ಸಡ್ಡು ಹೊಡೆಯುವ ತಳಿಗಳೂ ಇವೆ. ಬ್ರೆಜಿಲ್‌ನ ರಿಯೊ ಡಿ ಜನೈರೊ ರಾಜ್ಯದಲ್ಲಿ 2006–07ರಲ್ಲಿ ಹತ್ತಾರು ಆಸ್ಪತ್ರೆಗಳಿಂದ ಒಟ್ಟು ಸಾವಿರಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು, ಬಹುಪಾಲು ಲ್ಯಾಪ್ರೋಸ್ಕೋಪಿಯಂಥ ವಿಡಿಯೊ ನೆರವಿನ ಆಪರೇಷನ್ ಆದವರಲ್ಲಿ. ಪ್ರತ್ಯೇಕಿಸಿದ ಮ್ಯಾಸಿಲಿಯೆನ್ಸ್ ತಳಿ (ಆಬ್ಸೆಸಸ್‌ನ ಉಪಪ್ರಭೇದ) ಶೇ 2ರ ಗ್ಲುಟರಾಲ್ಡಿಹೈಡ್‌ನಲ್ಲಿ ಸಾಯುತ್ತಿರಲಿಲ್ಲ. 2009ರಲ್ಲಿ ಅಲ್ಲಿನ ಆರೋಗ್ಯ ನಿಯಂತ್ರಣ ಸಂಸ್ಥೆ ಅನ್ವಿಸಾ, ಇಂಥ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ದ್ರಾವಣದಲ್ಲಿ ಮುಳುಗಿಸಿ ಕ್ರಿಮಿಮುಕ್ತಗೊಳಿಸುವುದನ್ನೇ ನಿಷೇಧಿಸಿತು.

ಸರಿಯಾದ ಕ್ರಮ ಗುಟ್ಟಿನದೇನಲ್ಲ. ಬಳಸಿದ ಕೂಡಲೇ ಒಣಗಲು ಬಿಡದೆ ಉಪಕರಣವನ್ನು ಪೂರ್ತಿ ಕಳಚಬೇಕು. ಎಂಜೈಮ್ ಮಾರ್ಜಕದಲ್ಲಿ ನೆನೆಸಿ, ಕೊಳವೆಯೊಳಗೆ ತಕ್ಕ ಗಾತ್ರದ ಬ್ರಷ್ ಆಡಿಸಿ, ಸಾಧ್ಯವಿದ್ದರೆ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಹಾಕಿ, ಜಾಲಾಡಿ, ಒಣಗಿಸಬೇಕು. ಆಮೇಲೆ ಉಗಿಯ ಆಟೋಕ್ಲೇವ್: ಸಾಮಾನ್ಯ ಯಂತ್ರದಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ, ಗಾಳಿಯನ್ನು ಮೊದಲೇ ಹೀರಿ ತೆಗೆಯುವ ಯಂತ್ರದಲ್ಲಿ 132ರಿಂದ 134 ಡಿಗ್ರಿಯಲ್ಲಿ 3–4 ನಿಮಿಷ. ಶಾಖ ತಾಳದ ಟೆಲಿಸ್ಕೋಪು, ಕೇಬಲ್ಲುಗಳಿಗೆ ಎಥಿಲೀನ್ ಆಕ್ಸೈಡ್ ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಪ್ಲಾಸ್ಮಾ. ಇಲ್ಲಿ ಜನ ತಪ್ಪುವುದು ಕೊನೆಯ ಹೆಜ್ಜೆಗಿಂತ ಮೊದಲ ಹೆಜ್ಜೆಯಲ್ಲಿ. ಎಷ್ಟೇ ದುಬಾರಿ ಯಂತ್ರವಿದ್ದರೂ ಕೊಳವೆಯೊಳಗೆ ಒಣಗಿದ ರಕ್ತ ಉಳಿದಿದ್ದರೆ ಅದು ಕೈಲಾಗದ ಯಂತ್ರವೇ.

ಉಪಕರಣ ಬಿಟ್ಟರೆ ಬೇರೆ ದಾರಿಗಳೂ ಉಂಟು. ಚರ್ಮದ ಮೇಲೆ ಗೆರೆ ಹಾಕುವ ಜೆನ್ಶಿಯನ್ ವಯೊಲೆಟ್ ಬಣ್ಣವೇ ಕಲುಷಿತವಾಗಿ ಪ್ಲಾಸ್ಟಿಕ್ ಸರ್ಜರಿಯ ಗಾಯಗಳಿಗೆ ಕೆಲೋನೆ ಹತ್ತಿದ್ದು 1980ರ ದಶಕದಲ್ಲಿ ದಾಖಲಾಗಿದೆ. ಡೊಮಿನಿಕನ್ ರಿಪಬ್ಲಿಕ್‌ನ ಸಾಂಟೊ ಡೊಮಿಂಗೊದಲ್ಲಿ ಹೊಟ್ಟೆಯ ಬೊಜ್ಜು ಇಳಿಸುವಂಥ ಸೌಂದರ್ಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅಮೆರಿಕಕ್ಕೆ ಮರಳಿದ ಮಹಿಳೆಯರಲ್ಲಿ 2003–04ರಲ್ಲಿ ಆಬ್ಸೆಸಸ್ ಸೋಂಕು ಕಂಡಿತು. ಡಯಾಲಿಸಿಸ್‌ಗಾಗಿ ಹೊಟ್ಟೆಗೆ ಹಾಕುವ ಕ್ಯಾಥೆಟರ್ ಹೊರಬರುವ ಜಾಗ, ಹರ್ನಿಯಾಕ್ಕೆ ಹಾಕುವ ಬಲೆಯಂಥ ಮೆಶ್, ಸಿಸೇರಿಯನ್ ಗಾಯ ಇವುಗಳಲ್ಲೂ ಕಾಣಿಸಿಕೊಳ್ಳುತ್ತದೆ.

## ಸಾಮಾನ್ಯ ಗಾಯದ ಸೋಂಕಿಗಿಂತ ಇದು ಬೇರೆ ಹೇಗೆ?

ಕ್ಯಾಲೆಂಡರ್ ನೋಡಿ. ಸಾಮಾನ್ಯ ಬ್ಯಾಕ್ಟೀರಿಯಾದ ಸೋಂಕು ಬಹುತೇಕ ಮೊದಲ ವಾರ, ಹತ್ತು ದಿನದೊಳಗೆ ತಲೆ ಎತ್ತುತ್ತದೆ: ಕೆಂಪು, ಬಿಸಿ, ಬಾವು, ಗಟ್ಟಿ ಕೀವು, ಹಲವು ಸಲ ಜ್ವರ. ಎನ್‌ಟಿಎಂ ಶುರುವಾಗುವುದು ಸುಮಾರು ಮೂರರಿಂದ ಆರು ವಾರದ ಹೊತ್ತಿಗೆ, ಕೆಲವರಲ್ಲಿ ತಿಂಗಳುಗಳ ನಂತರ, ಗಾಯ ಪೂರ್ತಿ ಮಾಯ್ದ ಮೇಲೆ.

ಪೋರ್ಟ್ ಜಾಗದ, ಅಂದರೆ ಉಪಕರಣ ಇಳಿಸಿದ ರಂಧ್ರದ ಸೋಂಕು ಹೆಜ್ಜೆಹೆಜ್ಜೆಯಾಗಿ ಮುಂದುವರಿಯುತ್ತದೆ. ಮೊದಲು ಕಲೆಯಡಿ ನೋವಿನ ಗಂಟು. ಅದು ದೊಡ್ಡದಾಗಿ, ಮೆತ್ತಗಾಗಿ ಒಡೆದು ಬಿಳಿಯ ಅಥವಾ ತೆಳು ಕೀವು ಸೋರುತ್ತದೆ. ಕೀವು ಹೊರಹೋದ ಮೇಲೆ ನೋವು ಇಳಿಯುವುದರಿಂದ ವಾಸಿಯಾಗುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಆದರೆ ಬಾಯಿ ಮುಚ್ಚದ ಸಣ್ಣ ತೂತು, ಅಂದರೆ ಸೈನಸ್, ಉಳಿದುಕೊಂಡು ಆಗಾಗ ಒಸರುತ್ತದೆ. ಸುತ್ತಲಿನ ಚರ್ಮ ಕಪ್ಪಾಗುತ್ತದೆ, ಪಕ್ಕದಲ್ಲಿ ಹೊಸ ಗಂಟುಗಳು ಏಳುತ್ತವೆ.

ಪಿತ್ತಕೋಶದ ಆಪರೇಷನ್‌ನಲ್ಲಿ ಹೊಕ್ಕುಳ ಬಳಿಯ ಅಥವಾ ಎದೆಗೂಡಿನ ಕೆಳಗಿನ ರಂಧ್ರಕ್ಕೇ ಇದು ಹೆಚ್ಚಾಗಿ ತಗಲುತ್ತದೆ. ಪಿತ್ತಕೋಶವನ್ನು ಹೊರಗೆಳೆಯುವುದು ಆ ರಂಧ್ರಗಳ ಮೂಲಕ, ಅಲ್ಲಿ ಅಂಗಾಂಶಕ್ಕೆ ಪೆಟ್ಟೂ ಜಾಸ್ತಿ. ಹೊಟ್ಟೆಯ ಒಳಗೆ ಸೋಂಕು ಹರಡುವುದು ವಿರಳ. ಆದರೆ ಮೆಶ್ ಅಥವಾ ಡಯಾಲಿಸಿಸ್ ಕ್ಯಾಥೆಟರ್ ಇರುವವರಿಗೆ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಈ ಧೈರ್ಯ ಹೇಳಲಾಗದು.

## 'ಏನೂ ಬೆಳೆದಿಲ್ಲ' ಎಂಬ ವರದಿಯನ್ನು ಓದುವ ಬಗೆ

ಲ್ಯಾಬಿಗೆ 'ಕೀವಿನ ಕಲ್ಚರ್' ಎಂದಷ್ಟೇ ಬರೆದು ಕಳಿಸಿದರೆ ಅವರು ಅದನ್ನು ಸಾಮಾನ್ಯ ಮಾಧ್ಯಮದಲ್ಲಿ 37 ಡಿಗ್ರಿಯಲ್ಲಿ ಇಟ್ಟು, ಎರಡು–ಮೂರು ದಿನ ನೋಡಿ, ತಟ್ಟೆಯನ್ನು ಎಸೆಯುತ್ತಾರೆ. ಎನ್‌ಟಿಎಂ ಆಗಷ್ಟೇ ಬೆಳೆಯಲು ಹೊರಟಿರುತ್ತದೆ. ಲ್ಯಾಬಿನ ತಪ್ಪು ಅಲ್ಲ, ಕೇಳಿದ್ದನ್ನು ಅವರು ಮಾಡಿದ್ದಾರೆ. ಕೇಳಬೇಕಾದದ್ದು ಬೇರೆ: ಎಎಫ್‌ಬಿ ಸ್ಮಿಯರ್ (ಆಮ್ಲಕ್ಕೂ ಬಣ್ಣ ಬಿಡದ ಇಂಥ ಬ್ಯಾಕ್ಟೀರಿಯಾವನ್ನು ಸೂಕ್ಷ್ಮದರ್ಶಕದಡಿ ಹುಡುಕುವುದು) ಮತ್ತು ಮೈಕೋಬ್ಯಾಕ್ಟೀರಿಯಾ ಕಲ್ಚರ್. ಚೀಟಿಯಲ್ಲಿ 'ಆಪರೇಷನ್ ನಂತರದ ಸೋಂಕು, ಎನ್‌ಟಿಎಂ ಅನುಮಾನ' ಎಂದು ಬರೆದಿದ್ದರೆ ಇನ್ನೂ ಒಳ್ಳೆಯದು. ಕೆಲೋನೆಗೆ 37 ಡಿಗ್ರಿಗಿಂತ 28–30 ಡಿಗ್ರಿ ಇಷ್ಟ. ಹೀಗೆ ಬರೆದಿದ್ದರೆ ಲ್ಯಾಬಿನವರು ಎರಡೂ ಉಷ್ಣತೆಯಲ್ಲಿ ಇಡುತ್ತಾರೆ, ಆರರಿಂದ ಎಂಟು ವಾರದವರೆಗೆ ಕಾದು ನೋಡುತ್ತಾರೆ.

ಮಾದರಿ ತೆಗೆಯುವ ಬಗೆಯೂ ಮುಖ್ಯ. ಸೋರುವ ಜಾಗಕ್ಕೆ ಹತ್ತಿಯ ಸ್ವ್ಯಾಬ್ ಸವರುವುದು ತೀರ ಕಳಪೆ ವಿಧಾನ. ಸಿಗುವ ಪ್ರಮಾಣ ಕಡಿಮೆ, ಮೇಣದ ಗೋಡೆಯ ಬ್ಯಾಕ್ಟೀರಿಯಾ ಹತ್ತಿಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ, ಚರ್ಮದ ಮೇಲಿನ ಬೇರೆ ಬ್ಯಾಕ್ಟೀರಿಯಾ ಬೆರೆತು ದಾರಿ ತಪ್ಪಿಸುತ್ತದೆ. ಒಡೆಯದ ಗಂಟಿನಿಂದ ಸೂಜಿಯಲ್ಲಿ ಎಳೆದ ಕೀವು, ಇಲ್ಲವೇ ಸೈನಸ್‌ನ ಗೋಡೆಯಿಂದ ಕತ್ತರಿಸಿದ ಅಂಗಾಂಶದ ತುಂಡು ಬೇಕು. ತುಂಡನ್ನು ಎರಡು ಭಾಗ ಮಾಡಿ ಒಂದನ್ನು ಫಾರ್ಮಲಿನ್‌ನಲ್ಲಿ ಬಯಾಪ್ಸಿಗೆ, ಇನ್ನೊಂದನ್ನು ಸ್ಟೆರೈಲ್ ಸಲೈನ್‌ನಲ್ಲಿ ಕಲ್ಚರ್‌ಗೆ ಕಳಿಸಬೇಕು. ಪೂರ್ತಿ ತುಂಡನ್ನು ಫಾರ್ಮಲಿನ್‌ಗೆ ಹಾಕಿದರೆ ಬ್ಯಾಕ್ಟೀರಿಯಾ ಸತ್ತುಹೋಗುತ್ತದೆ, ಕಲ್ಚರ್ ಆಸೆ ಅಲ್ಲಿಗೆ ಮುಗಿಯಿತು. ಆಪರೇಷನ್ ಥಿಯೇಟರ್‌ನಲ್ಲಿ ಇದು ಆಗಾಗ ನಡೆಯುವ, ಬೇಸರ ತರಿಸುವ ಎಡವಟ್ಟು.

ಸ್ಮಿಯರ್‌ನಲ್ಲಿ ಎಎಫ್‌ಬಿ ಕಂಡರೆ ಅದು ಈ ಕುಟುಂಬದ ಜೀವಿ ಎಂದಷ್ಟೇ ಅರ್ಥ, ಕ್ಷಯ ಎಂದಲ್ಲ. ಕಾಣದಿದ್ದರೂ ಸೋಂಕು ಇಲ್ಲವೆಂದು ಹೇಳಲಾಗದು. ಜೀನ್‌ಎಕ್ಸ್‌ಪರ್ಟ್‌ನ ಕ್ಷಯದ ಪರೀಕ್ಷೆ ಕ್ಷಯದ ಬ್ಯಾಕ್ಟೀರಿಯಾ ಗುಂಪನ್ನು ಮಾತ್ರ ಹುಡುಕುತ್ತದೆ. ಸ್ಮಿಯರ್‌ನಲ್ಲಿ ಕಂಡು ಇದರಲ್ಲಿ ನೆಗೆಟಿವ್ ಬಂದರೆ ಎನ್‌ಟಿಎಂ ಅನುಮಾನ ಗಟ್ಟಿಯಾಗುತ್ತದೆ.

## ಕ್ಷಯದ ಮಾತ್ರೆ ಏಕೆ ಕೆಲಸಕ್ಕೆ ಬಾರದು?

ಬಯಾಪ್ಸಿಯಲ್ಲಿ 'ಗ್ರ್ಯಾನ್ಯುಲೋಮಾ' ಎಂದು ಬರುತ್ತದೆ. ಹಟಮಾರಿ ಶತ್ರುವನ್ನು ಸುತ್ತುವರಿದ ರಕ್ಷಣಾ ಕೋಶಗಳ ಗುಂಪು ಅದು. ಕ್ಷಯದಲ್ಲೂ ಕಾಣುತ್ತದೆ, ಎನ್‌ಟಿಎಂನಲ್ಲೂ ಕಾಣುತ್ತದೆ. ಇದೊಂದನ್ನೇ ನಂಬಿ ಕ್ಷಯದ ನಾಲ್ಕು ಮಾತ್ರೆ ಶುರು ಮಾಡುವುದುಂಟು. ಫಾರ್ಚುಯಿಟಮ್, ಕೆಲೋನೆ, ಆಬ್ಸೆಸಸ್ ಮೂರರ ಮೇಲೂ ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮತ್ತು ಇಥಾಂಬುಟಾಲ್ ನಡೆಯುವುದಿಲ್ಲ. ತಿಂಗಳುಗಟ್ಟಲೆ ನುಂಗಿ, ಯಕೃತ್ತಿಗೆ ಪೆಟ್ಟು ಬೀಳಿಸಿಕೊಂಡು, ಗಾಯ ಮಾತ್ರ ಇದ್ದ ಹಾಗೇ ಇರುತ್ತದೆ. ಆಪರೇಷನ್ ಕಲೆಯಲ್ಲಿ ನಿಜವಾದ ಕ್ಷಯವೂ ಬರಬಹುದು, ಆದ್ದರಿಂದ ಊಹೆಯ ಮೇಲೆ ಯಾವ ಕಡೆಗೂ ವಾಲುವಂತಿಲ್ಲ. ಪ್ರಭೇದದ ಹೆಸರು ಕೈಗೆ ಬರಬೇಕು. ಲೈನ್ ಪ್ರೋಬ್, ಮಾಲ್ಡಿ-ಟಾಫ್ ಅಥವಾ ಜೀನ್ ಸೀಕ್ವೆನ್ಸಿಂಗ್ ಎಂಬ ಲ್ಯಾಬ್ ಪರೀಕ್ಷೆಗಳಿಂದ ಅದು ಸಿಗುತ್ತದೆ.

## ಔಷಧಿ: ಎರಡಾದರೂ ಬೇಕು, ತಿಂಗಳುಗಳಾದರೂ ಬೇಕು

ಚಿಕಿತ್ಸೆಯ ಬೆನ್ನೆಲುಬು ಕ್ಲಾರಿಥ್ರೋಮೈಸಿನ್, ಸಾಮಾನ್ಯವಾಗಿ 500 ಮಿ.ಗ್ರಾಂ. ದಿನಕ್ಕೆ ಎರಡು ಸಲ, ಅಥವಾ ಅಜಿಥ್ರೋಮೈಸಿನ್. ಇದನ್ನು ಒಂಟಿಯಾಗಿ ಕೊಡಬಾರದು. ಕಾರಣ ಸರಳ: ಈ ಔಷಧಿ ಕಚ್ಚಿಕೊಳ್ಳುವುದು ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗೆ; ಆ ಭಾಗದ ಜೀನ್ ಬಹುತೇಕ ಬ್ಯಾಕ್ಟೀರಿಯಾಗಳಲ್ಲಿ ಹಲವು ಪ್ರತಿಗಳಲ್ಲಿರುತ್ತದೆ, ಕೆಲೋನೆ ಮತ್ತು ಆಬ್ಸೆಸಸ್‌ನಲ್ಲಿ ಒಂದೇ ಒಂದು. ಆ ಒಂದರಲ್ಲಿ ಒಂದು ಅಕ್ಷರ ಬದಲಾದರೆ ಸಾಕು, ಔಷಧಿ ನಿಷ್ಫಲ. ಕೋಟ್ಯಂತರ ಬ್ಯಾಕ್ಟೀರಿಯಾ ಇರುವ ಕೀವಿನಲ್ಲಿ ಅಂಥದ್ದೊಂದು ಇದ್ದೇ ಇರುತ್ತದೆ. ಎರಡನೆಯ ಔಷಧಿ ಅದನ್ನು ಕೊಲ್ಲಲೆಂದೇ.

ಜೊತೆಗಾರ ಔಷಧಿ ಪ್ರಭೇದದ ಮೇಲೆ ನಿಂತಿದೆ. ಫಾರ್ಚುಯಿಟಮ್ ಸೌಮ್ಯ ಸ್ವಭಾವದ್ದು. ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್, ಕೋಟ್ರೈಮಾಕ್ಸಜೋಲ್‌ನಂಥ ಮಾತ್ರೆಗಳಲ್ಲಿ ಸೂಕ್ಷ್ಮತಾ ಪರೀಕ್ಷೆ (ಯಾವ ಔಷಧಿ ನಡೆಯುತ್ತದೆಂದು ಲ್ಯಾಬಿನಲ್ಲಿ ನೋಡುವುದು) ಹೇಳಿದ್ದನ್ನು ಆರಿಸಬಹುದು, ಅದೂ ಎರಡನ್ನು ಸೇರಿಸಿ. ಆಬ್ಸೆಸಸ್ ಈ ಮೂವರಲ್ಲಿ ಅತಿ ಕಷ್ಟದ್ದು: ಆರಂಭದ ವಾರಗಳಲ್ಲಿ ಅಮಿಕಾಸಿನ್ ಚುಚ್ಚುಮದ್ದು (ಸಾಮಾನ್ಯವಾಗಿ ಪ್ರತಿ ಕಿಲೊ ತೂಕಕ್ಕೆ 10–15 ಮಿ.ಗ್ರಾಂ.), ಜೊತೆಗೆ ಇಮಿಪೆನೆಮ್ ಅಥವಾ ಸೆಫಾಕ್ಸಿಟಿನ್, ಬೇಕಾದರೆ ಟೈಜಿಸೈಕ್ಲಿನ್, ಲಿನೆಜೊಲಿಡ್, ಕ್ಲೋಫಜಿಮಿನ್. ಇವುಗಳ ಪ್ರಮಾಣ, ಜೋಡಿ ರೋಗಿಯ ಕಿಡ್ನಿ, ವಯಸ್ಸು, ಇತರ ಮಾತ್ರೆಗಳಿಗೆ ತಕ್ಕಂತೆ ಬದಲಾಗುವುದರಿಂದ ವೈದ್ಯರೇ ನಿರ್ಧರಿಸಬೇಕು.

ಸೂಕ್ಷ್ಮತಾ ವರದಿಯಲ್ಲಿ ಎಡವುವ ಜಾಗವೊಂದಿದೆ. ಆಬ್ಸೆಸಸ್‌ನ ಬಹಳಷ್ಟು ತಳಿಗಳಲ್ಲಿ ಇಆರ್‌ಎಂ 41 ಎಂಬ ಜೀನ್ ಮಲಗಿರುತ್ತದೆ. ಕ್ಲಾರಿಥ್ರೋಮೈಸಿನ್ ತಾಗಿದ ಮೇಲೆಯೇ ಅದು ಎಚ್ಚರವಾಗಿ ಪ್ರತಿರೋಧ ಕಟ್ಟುತ್ತದೆ. ಲ್ಯಾಬಿನಲ್ಲಿ ಮೂರನೆಯ ದಿನ ಓದಿದರೆ 'ಔಷಧಿ ನಡೆಯುತ್ತದೆ', 14ನೆಯ ದಿನ ಓದಿದರೆ 'ನಡೆಯುವುದಿಲ್ಲ'. ಹಾಗಾಗಿ ಆಬ್ಸೆಸಸ್‌ಗೆ 14 ದಿನ ಕಾದ ವರದಿಯೇ ಬೇಕು. ಮ್ಯಾಸಿಲಿಯೆನ್ಸ್ ಉಪಪ್ರಭೇದದಲ್ಲಿ ಈ ಜೀನ್ ತುಂಡಾಗಿ ಕೆಲಸ ಮಾಡುವುದಿಲ್ಲ, ಕೆಲೋನೆಯಲ್ಲಿ ಇಲ್ಲವೇ ಇಲ್ಲ. ಅವೆರಡರಲ್ಲೂ ಕ್ಲಾರಿಥ್ರೋಮೈಸಿನ್ ಚೆನ್ನಾಗಿ ನಡೆಯುತ್ತದೆ. ಉಪಪ್ರಭೇದದ ಹೆಸರು ಕೇಳುವುದು ಪಾಂಡಿತ್ಯಕ್ಕಲ್ಲ.

ಅವಧಿ? ಗಂಭೀರ ಚರ್ಮ–ಮಾಂಸಖಂಡದ ಸೋಂಕಿಗೆ ಕನಿಷ್ಠ ನಾಲ್ಕು ತಿಂಗಳು ಎಂಬುದು ಚಾಲ್ತಿಯಲ್ಲಿರುವ ಮಾರ್ಗಸೂತ್ರ. ಸೋರುವುದು ನಿಂತ ಕೂಡಲೇ ಮಾತ್ರೆ ಬಿಟ್ಟರೆ ಮರುಕಳಿಸುತ್ತದೆ.

ಇಷ್ಟು ದಿನ ಔಷಧಿ ತಿನ್ನುವಾಗ ಕಣ್ಣಿಡಬೇಕಾದವು ಇವೆ. ಅಮಿಕಾಸಿನ್ ಕಿವಿಗೂ ಕಿಡ್ನಿಗೂ ಪೆಟ್ಟು ಕೊಡಬಲ್ಲದು. ಶುರು ಮಾಡುವ ಮುನ್ನ ಶ್ರವಣ ಪರೀಕ್ಷೆ, ನಡುನಡುವೆ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಸುವ ರಕ್ತಪರೀಕ್ಷೆ) ನೋಡಬೇಕು. ಕಿವಿಯಲ್ಲಿ ಗುಂಯ್‌ಗುಡುವ ಸದ್ದು, ತಲೆಸುತ್ತು ಬಂದರೆ ಮುಂದಿನ ಇಂಜೆಕ್ಷನ್‌ಗೆ ಮುಂಚೆ ಹೇಳಿ. ಕ್ಲಾರಿಥ್ರೋಮೈಸಿನ್ ಬಾಯಿ ಕಹಿ ಮಾಡುತ್ತದೆ, ಅದಕ್ಕೇನೂ ಹೆದರಬೇಕಿಲ್ಲ. ಕೊಲೆಸ್ಟರಾಲ್‌ಗೆ ಸಿಮ್ವಾಸ್ಟಾಟಿನ್ ನುಂಗುತ್ತಿದ್ದರೆ ಮಾತ್ರ ಸ್ನಾಯುಗಳಿಗೆ ಅಪಾಯ, ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವಂತಿಲ್ಲ. ಲಿನೆಜೊಲಿಡ್ ಎರಡು ವಾರ ದಾಟಿದರೆ ರಕ್ತಕಣಗಳು ಇಳಿಯಬಹುದು, ವಾರಕ್ಕೊಮ್ಮೆ ರಕ್ತಪರೀಕ್ಷೆ ಬೇಕು. ಪಾದ ಜುಮುಗುಟ್ಟಿದರೆ, ದೃಷ್ಟಿ ಮಂಜಾದರೆ ಅದೇ ದಿನ ತಿಳಿಸಬೇಕು. ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ಗಳನ್ನು ಹಾಲು, ಕಬ್ಬಿಣದ ಮಾತ್ರೆ, ಆಂಟಾಸಿಡ್ ಜೊತೆ ನುಂಗಿದರೆ ಹೊಟ್ಟೆಯಲ್ಲೇ ಕಟ್ಟಿಕೊಂಡು ರಕ್ತಕ್ಕೆ ಸೇರುವುದಿಲ್ಲ. ಕ್ಲೋಫಜಿಮಿನ್ ಚರ್ಮವನ್ನು ಕಂದುಗಪ್ಪು ಮಾಡುತ್ತದೆ, ಬಿಟ್ಟ ಮೇಲೆ ನಿಧಾನವಾಗಿ ಹೋಗುತ್ತದೆ.

## ಕತ್ತರಿ ಯಾವಾಗ?

ಕೀವಿನ ಕುಹರ, ಸತ್ತ ಅಂಗಾಂಶ ಇರುವಲ್ಲಿಗೆ ರಕ್ತ ಹರಿಯುವುದಿಲ್ಲ, ರಕ್ತ ಹರಿಯದಲ್ಲಿಗೆ ಔಷಧಿ ತಲುಪುವುದಿಲ್ಲ. ಅಂಥ ಕಡೆ ಸೈನಸ್‌ನ ಜಾಡನ್ನು ಗೋಡೆಸಮೇತ ಕತ್ತರಿಸಿ ತೆಗೆಯಬೇಕು. ಬರೀ ಮೇಲೆ ಕೊಯ್ದು ಕೀವು ಬಸಿದರೆ ಸಾಲದು. ಸಣ್ಣ ಗಂಟಷ್ಟೇ ಇದ್ದು ಬೇಗ ಗುರುತು ಸಿಕ್ಕವರಿಗೆ ಮಾತ್ರೆಗಳಲ್ಲೇ ವಾಸಿಯಾಗಬಹುದು.

ಮೆಶ್ ಇದ್ದರೆ ಪ್ರಶ್ನೆ ಕಠಿಣ. ಅದರ ಎಳೆಗಳ ಮೇಲೆ ಬಯೋಫಿಲ್ಮ್ ಕಟ್ಟಿಕೊಂಡಿದ್ದರೆ ಬಹುತೇಕ ಮೆಶ್ ತೆಗೆಯಲೇಬೇಕಾಗುತ್ತದೆ. ತೆಗೆದರೆ ಹರ್ನಿಯಾ ಮರಳಬಹುದು ಎಂಬ ಹಿಂಜರಿಕೆ ಸಹಜ, ಆದರೆ ಸೋಂಕಿರುವ ಜಾಗಕ್ಕೆ ಹೊಸ ಮೆಶ್ ಹಾಕುವುದು ಮತ್ತೆ ಅದೇ ಗುಂಡಿಗೆ ಬಿದ್ದಂತೆ. ಡಯಾಲಿಸಿಸ್ ಕ್ಯಾಥೆಟರ್ ವಿಷಯದಲ್ಲೂ ಸಾಮಾನ್ಯವಾಗಿ ಅದನ್ನು ಹೊರತೆಗೆಯುವುದೇ ದಾರಿ.

## ಮನೆಯಲ್ಲಿ ಕೇಳುವ ಪ್ರಶ್ನೆಗಳು

ಅಂಟುತ್ತದೆಯೇ? ಗಾಯದ ಎನ್‌ಟಿಎಂ ಕ್ಷಯದಂತೆ ಕೆಮ್ಮಿನಿಂದ ಹರಡುವುದಿಲ್ಲ. ತಟ್ಟೆ–ಲೋಟ ಬೇರೆ ಮಾಡಬೇಕಿಲ್ಲ, ಮಗುವನ್ನು ದೂರ ಇಡಬೇಕಿಲ್ಲ. ಕೀವು ತಾಗಿದ ಬ್ಯಾಂಡೇಜನ್ನು ಚೀಲದಲ್ಲಿ ಕಟ್ಟಿ ಎಸೆದು ಕೈ ತೊಳೆದರೆ ಸಾಕು.

ಗಾಯ ತೊಳೆಯಲು ಕೊಳಾಯಿ ನೀರು ಬೇಡ, ಮುಚ್ಚಿದ ಬಾಟಲಿಯ ಸ್ಟೆರೈಲ್ ಸಲೈನ್ ಬಳಸಿ. ತೆರೆದ ಗಾಯವಿರುವಾಗ ಕೆರೆ, ಈಜುಕೊಳ, ಟಬ್ ಸ್ನಾನ ಬಿಡಿ. ಅರಿಶಿನ, ಎಲೆರಸ ಹಚ್ಚುವುದರಿಂದ ಮಣ್ಣಿನ ಹೊಸ ಬ್ಯಾಕ್ಟೀರಿಯಾ ಸೇರಬಹುದೇ ಹೊರತು ಒಳಗಿನ ಸೈನಸ್‌ಗೆ ಏನೂ ತಲುಪದು. ವೈದ್ಯರ ಬಳಿ ಹೋಗುವಾಗ ಆಪರೇಷನ್ ತಾರೀಖು, ಗಂಟು ಕಂಡ ತಾರೀಖು, ತೆಗೆದುಕೊಂಡ ಆಂಟಿಬಯಾಟಿಕ್‌ಗಳ ಹೆಸರು ಮತ್ತು ದಿನಗಳನ್ನು ಒಂದು ಹಾಳೆಯಲ್ಲಿ ಬರೆದೊಯ್ಯಿರಿ. ರೋಗನಿರ್ಣಯದ ಅರ್ಧ ಕೆಲಸ ಆ ತಾರೀಖುಗಳಲ್ಲಿದೆ.

ಆಪರೇಷನ್ ಆದ ಆಸ್ಪತ್ರೆಗೂ ವಿಷಯ ಮುಟ್ಟಿಸಿ, ಚಿಕಿತ್ಸೆ ಬೇರೆಡೆ ನಡೆಯುತ್ತಿದ್ದರೂ ಸರಿ. ರೋಗಿಗಳು ತಿಂಗಳ ಮೇಲೆ ಬೇರೆ ಬೇರೆ ವೈದ್ಯರ ಬಳಿ ಚದುರಿ ಹೋಗುವುದರಿಂದ ಒಂದೇ ಥಿಯೇಟರ್‌ನಿಂದ ಬಂದ ಪ್ರಕರಣಗಳು ಒಂದರ ಪಕ್ಕ ಒಂದು ಕಾಣಿಸುವುದೇ ಇಲ್ಲ. ಕೆಲವೇ ತಿಂಗಳಲ್ಲಿ ಅದೇ ಥಿಯೇಟರ್‌ನ ಇಬ್ಬರಲ್ಲಿ ಒಂದೇ ಪ್ರಭೇದ ಸಿಕ್ಕಿದರೆ, ಬೇರೆ ಕಾರಣ ಸಾಬೀತಾಗುವವರೆಗೆ ಅದನ್ನು ಉಪಕರಣ ಅಥವಾ ನೀರಿನ ದೋಷ ಎಂದೇ ಹಿಡಿದು ಜಾಲಾಡುವ ಟ್ರೇ, ಕೊಳಾಯಿ, ದ್ರಾವಣದ ಡಬ್ಬಿ, ಟ್ರೋಕಾರ್‌ನ ಒಳಮೈಗಳಿಂದ ಮಾದರಿ ತೆಗೆದು ಪರೀಕ್ಷಿಸಬೇಕು, ಅಷ್ಟರವರೆಗೆ ದ್ರಾವಣದಲ್ಲಿ ಅದ್ದಿದ ಉಪಕರಣಗಳನ್ನು ಬಳಸುವುದು ನಿಲ್ಲಿಸಬೇಕು.